ದೊಡ್ಡಪ್ಪನ ಕಾರೂ ನನ್ನ ಏಳು ತಿಂಗಳೂ

ನಮ್ಮ ದೊಡ್ಡಪ್ಪನಿಗೆ ಮನೆಯವರ ಜ್ವರ ಗೊತ್ತಾಗುವುದಿಲ್ಲ. ಕಾರಿಗೆ ನೆಗಡಿಯಾದರೆ ಮಾತ್ರ ನಿದ್ದೆಯಲ್ಲೂ ಗೊತ್ತಾಗುತ್ತದೆ! ನಾನು ಕೆಮ್ಮಿದರೆ ‘ಹೊರಗೋಗಿ ಕೆಮ್ಮಲೇ’ ಎನ್ನುವ ಮನುಷ್ಯ, ಕಾರು ಕೆಮ್ಮಿದರೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚುತ್ತಾರೆ. ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಅವರ ನಡಿಗೆ, ಬೈಗುಳ, ಸೀನು ಎಲ್ಲವನ್ನೂ ಅಣಕಿಸಿ ನಾಲ್ಕು ಜನರನ್ನು ನಗಿಸುವುದೇ ನನ್ನ ಕಸುಬು. (ಬೇರೆ ಕಸುಬು ಇನ್ನೂ ಸಿಕ್ಕಿಲ್ಲ.)

ಈ ವರ್ಷ ಆ ಪುಟ್ಟ ಕಾರಿಗೆ ವಿಚಿತ್ರ ಕಾಯಿಲೆ ಅಂಟಿತು. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ಗಡಗಡ ನಡುಗುತ್ತಿತ್ತು, ಮತ್ತೆ ತಾನೇ ಸುಮ್ಮನಾಗುತ್ತಿತ್ತು. ಬಂದ ಹೊತ್ತಾದರೂ ಎಂಥದ್ದು! ಹೊಸದುರ್ಗಕ್ಕೆ ಕೊಟ್ಟ ದೊಡ್ಡಪ್ಪನ ಮಗಳು, ಅಂದರೆ ನಮ್ಮಕ್ಕ, ಚೊಚ್ಚಲ ಬಸುರಿ. ಏಳು ತಿಂಗಳು ಮುಗಿಯುವುದರೊಳಗೆ ತವರಿಗೆ ಕರೆತರಬೇಕು; ಎಂಟು ಬಿತ್ತೆಂದರೆ ಬೀಗರು ಹೊಸ್ತಿಲು ದಾಟಿಸುವುದಿಲ್ಲ. ಬರುವ ಸೋಮವಾರ ಎಂದು ಮಾತಾಗಿತ್ತು.

‘ಬಾಡಿಗೆ ಕಾರು ಮಾಡ್ಕಂಡು ಹೋಗ್ರಿ’ ಎಂದರು ದೊಡ್ಡಮ್ಮ.

‘ನನ್ ಮಗಳು ಕಂಡೋರ ಸೀಟ್ನಾಗೆ ಕುಂತ್ಕಂಡು ತವರಿಗೆ ಬರ್ಬೇಕಾ?’

‘ನಿಮ್ ಕಾರ್ನಾಗೆ ಬಂದ್ರೆ ಹೊಳಲ್ಕೆರೆಗೇ ಹೆರಿಗೆ ಆಗ್ತೈತೆ!’

ಮಾತು ನಾಟಿತು. ದೊಡ್ಡಪ್ಪ ಚಕ್ರಗಳ ಬ್ಯಾಲೆನ್ಸ್ ಮಾಡಿಸಿದರು. ನಡುಕ ಹೋಗಲಿಲ್ಲ. ಎಂಜಿನ್ನಿನ ಕೆಳಗಿನ ರಬ್ಬರುಗಳನ್ನು ಬದಲಿಸಿದರು. ನಡುಕ ಒಂದು ದಿನ ರಜೆ ಹಾಕಿ ಮತ್ತೆ ಕೆಲಸಕ್ಕೆ ಹಾಜರಾಯಿತು! ಆಗ ಸ್ವಂತ ಪರೀಕ್ಷೆಗಿಳಿದರು. ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತೊಡೆಯ ಮೇಲೆ ಕಂಠಮಟ್ಟ ತುಂಬಿದ ನೀರಿನ ಬಿಂದಿಗೆ ಇಟ್ಟರು.

‘ಇದೇನು ದೊಡ್ಡಪ್ಪಾ?’

‘ನೀನೀಗ ಏಳು ತಿಂಗಳ ಬಸುರಿ. ಒಂದು ಹನಿ ಚೆಲ್ಲಿದ್ರೂ ಹೇಳ್ಬೇಕು.’

ಪಾತ್ರ ಸಿಕ್ಕಿದ ಮೇಲೆ ಬಿಡುವುದುಂಟೆ? ಅಕ್ಕನ ದನಿ ತೆಗೆದು ‘ಅಪ್ಪಾ, ಹುಣಸೇಕಾಯಿ ಬೇಕು!’ ಎಂದೆ. ಕನ್ನಡಿಯಲ್ಲಿ ದೊಡ್ಡಪ್ಪನ ಕಣ್ಣು ಕೆಂಪಾಯಿತು. ಐಮಂಗಲದವರೆಗೂ ನೀರು ಅಲುಗಲಿಲ್ಲ. ಅಲ್ಲಿ ಟೀ ಕುಡಿದು ಹೊರಟೆವು ನೋಡಿ, ಕಾರು ಚಳಿಜ್ವರ ಬಂದಂತೆ ನಡುಗಿತು! ಅರ್ಧ ಬಿಂದಿಗೆ ನನ್ನ ಪ್ಯಾಂಟಿನ ಪಾಲು. ಟೀ ಅಂಗಡಿಯವನು ಕಿಟಕಿಯಲ್ಲಿ ಇಣುಕಿ, ‘ಯಾಕಪ್ಪ, ತಡ್ಕಣಾಕೆ ಆಗ್ಲಿಲ್ವಾ?’ ಎಂದ. ಬಸುರಿಯ ಕಷ್ಟ ಗಂಡಸರಿಗೇನು ಗೊತ್ತು!

ಅಲ್ಲಿಂದ ನೇರ ದುರ್ಗದ ಗ್ಯಾರೇಜಿಗೆ. ನಮ್ಮ ಸರದಿ ಬರುವಷ್ಟರಲ್ಲಿ ಕಾರು ತಣ್ಣಗಾಗಿ, ಮೇಷ್ಟ್ರ ಮುಂದೆ ಕೈಕಟ್ಟಿದ ತರಲೆ ಹುಡುಗನಂತೆ ನಿಂತಿತ್ತು.

‘ಎಲ್ರೀ ಯಜಮಾನ್ರೇ ನಡುಕ? ನನ್ ಹೆಸರು ಕೇಳಿದ್ರೇ ಅರ್ಧ ಗಾಡಿ ರಿಪೇರಿ ಆಗ್ತವೆ’ ಎಂದು ಬೀಗಿದ ಮೆಕ್ಯಾನಿಕ್.

ದೊಡ್ಡಪ್ಪ ನನ್ನ ಕಾಲರ್ ಹಿಡಿದು ಮುಂದೆ ತಳ್ಳಿದರು. ‘ಲೇ, ಊರಿನೋರ್ನೆಲ್ಲ ಅಣಕಿಸ್ತೀಯಲ್ಲ, ಕಾರನ್ನ ಮಾಡಿ ತೋರ್ಸು!’

ನನ್ನ ಕಲೆಗೆ ಬಂದ ಮೊದಲ ಆಹ್ವಾನ! ತುಟಿ, ಭುಜ, ಹೊಟ್ಟೆ ಎಲ್ಲವನ್ನೂ ಕುಣಿಸಿದೆ: ‘ಡಗ್ ಡಗ್ ಡಗ್... ಹುಂ! ಡಗ್ ಡಗ್ ಡಗ್... ಹುಂ!’ ಬೈಕು ತಂದಿದ್ದ ಹಿರಿಯರೊಬ್ಬರು ‘ಯಾವ ದೇವ್ರು ಬಂದೈತೆ?’ ಎಂದು ಕೈಮುಗಿದರು.

ಮೆಕ್ಯಾನಿಕ್ ಮಾತ್ರ ನಗಲಿಲ್ಲ. ‘ತಡಿ ತಡಿ. ಮೂರು ಹೊಡ್ದು ಒಂದು ನುಂಗ್ತೀಯಲ್ಲ, ಅದು ನಿನ್ ಒಗ್ಗರಣೆನೋ, ಕಾರಿಂದೋ?’

‘ಕಾರಿಂದೇ ಕಣಣ್ಣ. ನಾವು ಟೀ ಕುಡ್ದು ಹೊರಟ್ರೆ ಹಿಂಗಾಡ್ತೈತೆ.’

‘ನೀವು ಟೀ ಕುಡ್ದ್ರೆ ಅದಕ್ಯಾಕೆ ನಡುಕ? ಓಡಿ ಬಂದು ಬಿಸಿ ಬಿಸಿ ನಿಂತಿರ್ತೈತಲ್ಲ, ಅದಕ್ಕೆ!’

ಕಾರನ್ನು ಬಿಸಿಲಿಗೆ ನಿಲ್ಲಿಸಿ, ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿ, ಆರಿಸಿ, ಸ್ವಲ್ಪ ಬಿಟ್ಟು ಮತ್ತೆ ಚಾಲೂ ಮಾಡಿದ. ಗಡಗಡಗಡ! ‘ನಡುಗ್ತು! ನಡುಗ್ತು ಕಣ್ರೋ!’ ದೊಡ್ಡಪ್ಪ ಮೊಮ್ಮಗು ಹುಟ್ಟಿದ ಸುದ್ದಿ ಕೇಳಿದವರಂತೆ ಕುಣಿದರು. ಎಂಜಿನ್ನಿಗೆ ನಾಲ್ಕು ಸಿಲಿಂಡರು, ಒಂದೊಂದಕ್ಕೂ ಕಿಡಿ ಹೊತ್ತಿಸಲು ಒಂದೊಂದು ಕಾಯಿಲು. ಮೆಕ್ಯಾನಿಕ್ ಅವುಗಳ ವೈರನ್ನು ಒಂದೊಂದಾಗಿ ಕಿತ್ತು, ಮತ್ತೆ ಸಿಕ್ಕಿಸಿ ನೋಡಿದ. ಮೊದಲೆರಡನ್ನು ಕಿತ್ತಾಗ ನಡುಕ ಇನ್ನೂ ಹೆಚ್ಚಿತು. ಮೂರನೆಯದನ್ನು ಕಿತ್ತರೆ ಏನೂ ವ್ಯತ್ಯಾಸವಿಲ್ಲ!

‘ಇವನೇ ಕಳ್ಳ. ಬಿಸಿ ತಾಗಿದ್ರೆ ಕೆಲಸ ಬಿಟ್ಟು ಮಲಗ್ತಾನೆ.’

‘ನಮ್ಮನೇಲೂ ಒಬ್ನು ಅವ್ನೆ’ ಎಂದು ದೊಡ್ಡಪ್ಪ ನನ್ನತ್ತ ನೋಡಿದರು.

ಹೊಸ ಕಾಯಿಲು ಕೂತಿತು. ನಾನು ಮತ್ತೊಮ್ಮೆ ಬಸುರಿಯಾಗಿ ಐಮಂಗಲಕ್ಕೆ ಹೋಗಿ, ಟೀ ಕುಡಿದು ಬಂದೆ. ಒಂದು ಹನಿಯೂ ಚೆಲ್ಲಲಿಲ್ಲ.

ಸೋಮವಾರ ಅಕ್ಕನನ್ನು ಕರೆದುಕೊಂಡು ಹೊಸದುರ್ಗದಿಂದ ಹೊರಟೆವು. ದೊಡ್ಡಪ್ಪನ ವೇಗಕ್ಕೆ ಟ್ರ್ಯಾಕ್ಟರಿನವರು ಹಾರನ್ ಹೊಡೆದು ಮುಂದೆ ಹೋದರು! ದುರ್ಗ ಮುಟ್ಟಿದಾಗ ಸಂಜೆ. ಬಾಗಿಲಲ್ಲಿ ದೊಡ್ಡಮ್ಮ ಆರತಿ ತಟ್ಟೆ ಹಿಡಿದು, ಅಕ್ಕಪಕ್ಕದವರನ್ನೆಲ್ಲ ಸೇರಿಸಿಕೊಂಡು ಕಾಯುತ್ತಿದ್ದರು. ಕಾರು ನಿಲ್ಲಲೇ ಇಲ್ಲ. ಮನೆಯ ಮುಂದೆ ಹಾದು ಹೊರಟೇ ಹೋಯಿತು!

‘ರೀ! ಎಲ್ಲಿಗ್ರೀ ಹೊಂಟ್ರಿ?’ ದೊಡ್ಡಮ್ಮನ ಕೂಗು ಹಿಂದೆಯೇ ಬಂತು.

‘ದೊಡ್ಡಪ್ಪಾ, ಮನೆ ದಾಟಿ ಬಂದ್ವಿ!’

‘ಮೆತ್ತಗೆ ಮಾತಾಡಲೇ’ ಎಂದು ಪಿಸುಗುಟ್ಟಿದರು. ‘ಮಲಗ್ಯಾಳೆ. ನಿಲ್ಸಿದ್ರೆ ಎಚ್ಚರಾಗ್ತಾಳೆ.’

ತಿರುಗಿ ನೋಡಿದೆ. ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಕಿಟಕಿಗೆ ತಲೆಯಾನಿಸಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಅಣಕಿಸಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ.

ಒಂದು ಸುತ್ತು ಹಾಕಿ ಮತ್ತೆ ಮನೆಯ ಮುಂದೆ ಬಂದೆವು. ದೊಡ್ಡಪ್ಪ ಎಂಜಿನ್ ಆರಿಸದೆಯೇ ತುಟಿಯ ಮೇಲೆ ಬೆರಳಿಟ್ಟು ಹಿಂದಿನ ಸೀಟು ತೋರಿಸಿದರು. ಬೈಯಲು ಬಂದಿದ್ದ ದೊಡ್ಡಮ್ಮ ಬಗ್ಗಿ ನೋಡಿದರು. ಆರತಿಯ ದೀಪಕ್ಕೆ ಅಂಗೈ ಮರೆಮಾಡಿ, ಸುತ್ತಲಿದ್ದವರನ್ನೆಲ್ಲ ಸುಮ್ಮನಿರಿಸಿದರು.

ಆಮೇಲೆ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: ‘ಇನ್ನೊಂದು ಸುತ್ತು ಹಾಕ್ಕಂಡು ಬರ್ರಿ.’