ಗಟ್ಟಿ ಮನೆತನದ ಕಣ್ಣು

ಮದುವೆಯ ಮಾತಿಗೆ ಕುಳಿತಾಗ ಯಾವ ಮನೆತನದಲ್ಲೂ ಯಾರಿಗೂ ಕಾಯಿಲೆ ಇರುವುದಿಲ್ಲ. ಸಕ್ಕರೆ ಕಾಯಿಲೆಯ ಬೀಗರು ಸಹ ಪೇಢೆಯ ತಟ್ಟೆ ಬಂದಾಗ, ಈಗಷ್ಟೇ ಊಟವಾಯಿತು ಎಂದು ಹೊಟ್ಟೆ ಸವರಿಕೊಳ್ಳುತ್ತಾರೆ. ರಾಯಬಾಗದ ನಮ್ಮ ಓಣಿಯಲ್ಲಿ ಇಂಥ ಮಾತುಕತೆಗಳಿಗೆ ಕರೆಯದಿದ್ದರೂ ಹೋಗುವವನು ನಾನು. ಎರಡು ವರ್ಷದಿಂದ ನನ್ನ ಮಗಳಿಗೇ ವರ ಹುಡುಕುತ್ತಿರುವುದರಿಂದ ‘ನಮ್ಮ ಮನೆತನ ಗಟ್ಟಿ ಐತ್ರಿ’ ಎಂಬುದು ಕೇಳದಿದ್ದರೂ ಬಾಯಿಂದ ಉದುರುತ್ತದೆ.

ಕನ್ನಡಕದ ನಂಬರು ನೋಡಿಸಲೆಂದು ಹೆಂಡತಿಯೊಡನೆ ಚಿಕ್ಕೋಡಿಯ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಯಂತ್ರಕ್ಕೆ ನನ್ನ ಗದ್ದ ಊರಿಸಿ, ಕಣ್ಣಿಗೆ ಫೂ ಎಂದು ಗಾಳಿ ಊದಿಸಿ, ಕಣ್ಣೊಳಗಿನ ಒತ್ತಡ ಹೆಚ್ಚಿದೆ ಎಂದರು. ನಾಳೆಯಿಂದಲೇ ಉಪ್ಪು ಬಿಡುತ್ತೇನೆ ಎಂದೆ. ಇದು ಬಿ.ಪಿ. ಅಲ್ಲ ಎಂದು ನಕ್ಕರು. ಒತ್ತಡವಿದ್ದವರಿಗೆಲ್ಲ ಗ್ಲಾಕೋಮಾ ಎಂಬ ಕಾಯಿಲೆ ಬರುವುದಿಲ್ಲವಂತೆ. ಬಂದರೆ ಮಾತ್ರ ನೋವಿಲ್ಲದೆ ಅಂಚಿನಿಂದ ನೋಟ ಹೋಗುತ್ತದಂತೆ, ಹೋದದ್ದು ಮರಳುವುದಿಲ್ಲವಂತೆ. ಹಾಗಾಗಿ ಯಾರಿಗೆ ಬರಬಹುದೆಂದು ಮೊದಲೇ ಗುರುತಿಸಬೇಕು. ಕಣ್ಣಿನ ನರ ನೋಡಿದರು, ಕಾರ್ನಿಯಾದ ದಪ್ಪ ಅಳೆದರು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿಸಿದರು. ಕೊನೆಗೆ, ಮನೆಯಲ್ಲಿ ಬೇರೆ ಯಾರಿಗಾದರೂ ಈ ತೊಂದರೆ ಇತ್ತೇ ಎಂದು ಕೇಳಿದರು.

‘ಇಲ್ರಿ, ನಮ್ಮ ಮನೆತನ ಗಟ್ಟಿ ಐತ್ರಿ’ ಎಂದುಬಿಟ್ಟೆ.

ಹೆಂಡತಿ ಸೆರಗು ಸರಿಮಾಡಿಕೊಂಡಳು. ‘ಡಾಕ್ಟ್ರು ವರಾ ತೋರ್ಸಾಕ ಕುಂತಿಲ್ರಿ. ಮಾವಾರು ಬಾಗಲಾ ದಾಟುವಾಗ ಚೌಕಟ್ಟಿಗೆ ಹಾಯ್ತಿದ್ರು. ತಾಟಿನ ಅಂಚಿಗೆ ಹಾಕಿದ ಚಟ್ನಿ ಕಾಣ್ತಿದ್ದಿಲ್ಲ ಅವರಿಗೆ. ಅದನ್ನ ಹೇಳ್ರಿ.’

ಅಪ್ಪನಿಗೆ ವಯಸ್ಸಾಯಿತು ಎಂದಷ್ಟೇ ನಾವು ತಿಳಿದಿದ್ದೆವು. ಈಗ ಅವರನ್ನು ನೆನೆದು ಸಂಕಟವಾಯಿತು, ನನ್ನ ಕಣ್ಣಿನ ಬಗ್ಗೆ ಹೆದರಿಕೆಯೂ ಆಯಿತು. ಡಾಕ್ಟರು, ಹಾಗಿದ್ದರೆ ಕಾಯುತ್ತ ಕೂಡುವುದು ಬೇಡ, ಇವತ್ತಿನಿಂದಲೇ ಔಷಧಿ ಹನಿ ಹಾಕಿಕೊಳ್ಳಿ, ಒಡಹುಟ್ಟಿದವರನ್ನೂ ತಪಾಸಣೆಗೆ ಕರೆತನ್ನಿ ಎಂದರು.

ಮನೆಗೆ ಬಂದವನೇ ಉಗಾರ ಬುದ್ರುಕದಲ್ಲಿ ಕಬ್ಬು ಮಾಡಿಕೊಂಡಿರುವ ತಮ್ಮನಿಗೆ ಫೋನು ಹಚ್ಚಿದೆ. ಅವನು ಗಾಬರಿಯಾದಾನೆಂದು ಹವೆ, ಪೈರು ಎಲ್ಲ ವಿಚಾರಿಸಿ ಮೆಲ್ಲಗೆ ವಿಷಯಕ್ಕೆ ಬಂದೆ.

‘ಅಣ್ಣಾ, ನನಗ ಹ್ವಾದ ವರ್ಷನ ಗೊತ್ತಾಗೈತಿ. ದಿನಾ ಔಷಧ ಹಾಕ್ಕೊಳ್ಳಾಕತ್ತೇನಿ. ನಿನ್ನ ಮಗಳ ಮದುವಿ ಆಗೂತನಕಾ ಯಾರ ಮುಂದೂ ಬಾಯಿ ಬಿಡಬಾರದಂತ ಸುಮ್ನಿದ್ದೆ.’

ಬೈಯಬೇಕೆನಿಸಿತು. ಆದರೆ ಮನೆಯ ಸಂಗತಿ ಹೊರಗಿನವರಿಗೆ ತಿಳಿಯಬಾರದೆಂದು ಅವನಿಗೆ ತಾಕೀತು ಮಾಡಿದವನು ನಾನೇ. ಅವನು ಚಾಚೂ ತಪ್ಪದೆ ಪಾಲಿಸಿ, ಹೊರಗಿನವರಲ್ಲಿ ನನ್ನನ್ನೂ ಸೇರಿಸಿಬಿಟ್ಟಿದ್ದ.