ಉಪ್ಪಾಗೆ ಕೊಟ್ಟ ವರ್ಗಾವಣೆ

ತಪ್ಪು ಮಾಡಿ ಬೈಸಿಕೊಂಡರೆ ನನಗೆ ಸಿಟ್ಟು ಬರುವುದಿಲ್ಲ. ಮನೆಯಲ್ಲಿ ಅದು ಅಭ್ಯಾಸವಾಗಿದೆ. ಸರಿಯಾದದ್ದನ್ನು ಹೇಳಿ ಬೈಸಿಕೊಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಅರವತ್ತರ ದಶಕದಲ್ಲಿ ಹತ್ತಿಕೊಂಡ ಅಂಥ ಒಂದು ಉರಿ ಇನ್ನೂ ಆರಿಲ್ಲ.

ಆಗ ನಾನು ಸಾಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇನ್ಸ್‌ಪೆಕ್ಟರು ತಪಾಸಣೆಗೆ ಬರುತ್ತಾರೆಂದು ರಟ್ಟಿನ ಮೇಲೆ ಉಪ್ಪಾಗೆಯ ಎಲೆಗಳನ್ನು ಹೊಲಿದು, ಕೆಳಗೆ ಅದರ ಹಣ್ಣುಗಳನ್ನು ಜೋಡಿಸಿದ್ದೆ. ಉಪ್ಪಾಗೆಯೆಂದರೆ ನಮ್ಮ ಕಾಡಿನ ಹುಳಿಹಣ್ಣು. ಸಿಪ್ಪೆ ಒಣಗಿಸಿಟ್ಟರೆ ಸಾರಿಗಾಗುತ್ತದೆ. ಸಾಗರದಲ್ಲಿ ಮಳೆ ಕಡಿಮೆ ಬೀಳುವ ಮಗ್ಗುಲಿನ ಮರದ ಎಲೆ ಗಿಡ್ಡ, ದಪ್ಪ, ಹಣ್ಣು ನಿಂಬೆಯಷ್ಟು. ತೀರ್ಥಹಳ್ಳಿಯಾಚೆ ಘಟ್ಟದಂಚಿನದಕ್ಕೆ ಉದ್ದನೆಯ ಎಲೆ, ಪುಟ್ಟ ಕುಂಬಳದಂಥ ಹಣ್ಣು. ಹೊಸನಗರದ ಜಡಿಮಳೆಯ ಕಾಡಿನದು ಅದಕ್ಕೂ ಒಂದು ಕೈ ಮೇಲು. ಇಷ್ಟನ್ನು ಕೂಡಿಸಲು ಬಸ್ಸಿನಲ್ಲಿ ವಾಂತಿ ಮಾಡಿಕೊಂಡಿದ್ದೆ, ಕಾಡಿನ ಇಂಬಳಗಳಿಗೆ ರಕ್ತ ಕುಡಿಸಿದ್ದೆ.

ಬಯಲುಸೀಮೆಯಿಂದ ಬಂದಿದ್ದ ಇನ್ಸ್‌ಪೆಕ್ಟರು ರಟ್ಟು ನೋಡಿದರು. “ಮೂರು ಬೇರೆ ಬೇರೆ ಮರದ ಎಲೆ ತಂದು ಒಂದೇ ಜಾತಿ ಅಂತೀರಲ್ರೀ. ಮಕ್ಕಳಿಗೆ ಸುಳ್ಳು ಕಲಿಸ್ಬೇಡಿ,” ಎಂದರು. ಮಳೆ, ಗಾಳಿ, ಬಿಸಿಲು ಬದಲಾದರೆ ಎಲೆ, ಹಣ್ಣು ಬದಲಾಗುತ್ತವೆ ಎಂದೆ. ಮರವೇನು ಮಳೆ ಅಳೆಯುತ್ತದೆಯೇ ಎಂದು ಅವರು ನಕ್ಕರು. ಮಕ್ಕಳೂ ನಕ್ಕರು. ನಾನೇ ಪಾಠ ಹೇಳಿಕೊಟ್ಟ ಮಕ್ಕಳು! ತಡೆಯಲಾಗದೆ ಹಣ್ಣುಗಳನ್ನು ಹೆಚ್ಚಿ ಅವರ ಮುಂದೆ ಹಿಡಿದೆ.

“ತಿಂದು ನೋಡಿ ಸಾರ್. ಕಣ್ಣಿಗೆ ಗೊತ್ತಾಗ್ದಿದ್ರೆ ನಾಲಿಗೆಗಾದ್ರೂ ಗೊತ್ತಾಗುತ್ತೆ.”

ಹಟಕ್ಕೆ ಬಿದ್ದು ಮೂರನ್ನೂ ತಿಂದರು. ಹಲ್ಲು ಚಳಿತು ಹೋಗಿ, ಅವರಿಗೆಂದು ಮಾಡಿಸಿದ್ದ ಹೋಳಿಗೆಯನ್ನು ಮುಟ್ಟಲಾಗಲಿಲ್ಲ. ಕ್ಷಮೆ ಕೇಳಿಬಿಡಿ ಎಂದು ಹೆಡ್‌ಮಾಸ್ಟರು ಗೋಗರೆದರು. ನಾನು ಕೇಳಲಿಲ್ಲ. ಸ್ವಲ್ಪ ದಿನದಲ್ಲೇ ಹೊಸನಗರದ ಮೂಲೆಯ ಶಾಲೆಗೆ ವರ್ಗವಾಯಿತು. ಹೆಂಡತಿ ಪಾತ್ರೆಗಳನ್ನು ಗೋಣಿಗೆ ತುಂಬುತ್ತ, ಇನ್ನೊಂದು ಸಲ ಎಲೆಯ ಸುದ್ದಿ ಎತ್ತಿದರೆ ತವರಿಗೆ ಹೋಗುತ್ತೇನೆ ಎಂದಳು.

ಅಲ್ಲಿನ ಮಳೆಗೆ ರೇಜರು ತುಕ್ಕು ಹಿಡಿದು ಗಡ್ಡ ಬೆಳೆಯಿತು. ಶಾಲೆಗೆ ಗುಡ್ಡ ಹತ್ತಿಳಿದು ಹೊಟ್ಟೆ ಕರಗಿತು. ಬಿಸಿಲು ಕಾಣದೆ ಬಿಳಿಚಿಕೊಂಡೆ. ಮರುವರ್ಷದ ದೀಪಾವಳಿಗೆ ಸಾಗರಕ್ಕೆ ಬಂದು ಹಳೆಯ ಹೆಡ್‌ಮಾಸ್ಟರ ಮನೆಯ ಬಾಗಿಲು ತಟ್ಟಿದರೆ, ಅವರು ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ನೋಡಿ, ಯಾರು ಬೇಕಿತ್ತು ಎಂದು ಕೇಳಿದರು. ನನಗೆ ಎಂಥ ಸಿಟ್ಟು ಬಂತೆಂದರೆ, ಹೆಸರನ್ನೂ ಹೇಳದೆ ಜಗಲಿಯಲ್ಲೇ ನಿಂತು, ಮಳೆಗೂ ಹವೆಗೂ ತಕ್ಕಂತೆ ಜೀವಿಗಳು ಬದಲಾಗುವುದರ ಬಗ್ಗೆ ಪಾಠ ಶುರುಮಾಡಿದೆ.

ಪಾಠ ಅರ್ಧವಾಗುವ ಮೊದಲೇ ಅವರು ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು: “ಕಾಫಿ ಇಡು, ನಮ್ಮ ಮೇಷ್ಟ್ರು ಬಂದಾರೆ. ಎಂತದೂ ಬದಲಾಗ್ಲಿಲ್ಲ.”