ಮಿಲ್ಪಿಟಾಸ್‌ನಲ್ಲಿ ಒಂದು ಕುರ್ಚಿ ಉಳಿಸಿಕೊಡುವ ಬಗ್ಗೆ

ಇಂದ:
ಶೇಷಗಿರಿ,
ಹಿರಿಯ ಇಂಜಿನಿಯರು (ಗ್ರೀನ್ ಕಾರ್ಡಿನ ಸಾಲಿನಲ್ಲಿ ಕಿರಿಯ),
ಕಿಟಕಿಯಿಲ್ಲದ ಕಡೆಯ ಮೇಜು,
ಹೇಮಾವತಿ ಲಾಜಿಕ್ ಇಂಕ್, ಮಿಲ್ಪಿಟಾಸ್, ಕ್ಯಾಲಿಫೋರ್ನಿಯಾ.

ಗೆ:
ಶ್ರೀ ಶಿವಪ್ರಕಾಶ್,
ಸಂಸ್ಥಾಪಕರು ಹಾಗೂ 'ಒನ್ ಫ್ಯಾಮಿಲಿ' ಎಂಬ ಪದದ ಸಗಟು ವಿತರಕರು,
ಅದೇ ಕಂಪನಿ, ಬರುವ ಒಂದನೇ ತಾರೀಖಿನಿಂದ ಎಮರಿವಿಲ್.

ವಿಷಯ: ಕಚೇರಿಯ ಜೊತೆ ನಾನೂ ಸಾಗಣೆಯಾದರೆ ನನ್ನ ಕಾಯಂ ವಾಸದ ಅರ್ಜಿ ಸಾಯುವ ಕುರಿತು.

ಉಲ್ಲೇಖ:
೧. ಕಳೆದ ಮಂಗಳವಾರದ ಮೀಟಿಂಗಿನಲ್ಲಿ ತಾವು ನನ್ನ ಬಗ್ಗೆ ಆಡಿದ ಮಾತು.
೨. ಹದಿನಾಲ್ಕು ತಿಂಗಳ ಹಿಂದೆ ನನ್ನ ಬಗ್ಗೆಯೇ ತಾವು ಸರ್ಕಾರಕ್ಕೆ ಬರೆದುಕೊಟ್ಟ ಮಾತು.
(ಎರಡೂ ಒಂದೇ ಬಾಯಿಂದ ಬಂದಿವೆ ಎಂದು ನಂಬಲಾಗಿದೆ.)

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮನೆಯಲ್ಲಿ ಕುದಿಯುತ್ತಾ ಕಚೇರಿಯಲ್ಲಿ ನಗುತ್ತಾ ಇರುವ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಗ್ರೀನ್ ಕಾರ್ಡಿನ ಮೊದಲ ಹಂತದಲ್ಲಿ, ಈ ಕೆಲಸಕ್ಕೆ ಈ ದೇಶದವರು ಯಾರೂ ಸಿಗುವುದಿಲ್ಲವೆಂದು ಸರ್ಕಾರಕ್ಕೆ ತೋರಿಸಲು, ಕಂಪನಿಯು ನಾನು ಕೂತಿರುವ ಕುರ್ಚಿಗೇ ಜಾಹೀರಾತು ಕೊಡಬೇಕು. ಅದು ಇಲ್ಲಿನ ಸಂಪ್ರದಾಯ. ತಾವು ಎರಡು ಭಾನುವಾರ ಪತ್ರಿಕೆಯಲ್ಲಿ ಕೊಟ್ಟಿರಿ. ಪ್ಯಾಂಟ್ರಿಯಲ್ಲಿ, ಮೈಕ್ರೋವೇವ್ ಮೇಲೆ, ನೋಟೀಸು ಅಂಟಿಸಿದಿರಿ. ಹತ್ತು ದಿನ ನಾನು ಆ ನೋಟೀಸು ಓದುತ್ತಾ ಬಿಸಿಬೇಳೆಬಾತ್ ಬಿಸಿ ಮಾಡಿಕೊಂಡೆ. ಕೊನೆಗೆ "ಮಿಲ್ಪಿಟಾಸ್ ಸುತ್ತಮುತ್ತ ಈ ಕೆಲಸಕ್ಕೆ ಅರ್ಹರು ಒಬ್ಬರೂ ಸಿಗಲಿಲ್ಲ" ಎಂದು ತಾವು ಪ್ರಮಾಣ ಮಾಡಿ ಸಹಿ ಹಾಕಿದಿರಿ. ಆ ಕಾಗದವನ್ನು ನನ್ನ ಹೆಂಡತಿ ವಸುಧಾ ಎರಡು ಸಲ ಓದಿ, "ಇವ್ರು ನಿಮ್ಮನ್ನ ಹೊಗಳಿರೋದು ಇದೊಂದೇ ಕಡೆ ಕಣ್ರೀ, ಲ್ಯಾಮಿನೇಟ್ ಮಾಡ್ಸಿ" ಎಂದಳು.

೨. ಆ ಅರ್ಜಿ ಮಿಲ್ಪಿಟಾಸ್ ವಿಳಾಸಕ್ಕೆ ಮಾತ್ರ ಸಲ್ಲುತ್ತದೆ. ಎಮರಿವಿಲ್ ನಲವತ್ತೇ ಮೈಲಿಯಾದರೂ ಸರ್ಕಾರದ ಲೆಕ್ಕದಲ್ಲಿ ಬೇರೆ ಸೀಮೆ. ಕಾರಣ, ಹೊಸ ಜಾಹೀರಾತು, ಹೊಸ ಮೈಕ್ರೋವೇವ್, ಹೊಸ ಅರ್ಜಿ. ಅದಕ್ಕೆ ಒಂದೂವರೆ ವರ್ಷ. ನನ್ನ ವೀಸಾಕ್ಕೆ ಉಳಿದಿರುವುದು ಎಂಟು ತಿಂಗಳು. ಹಳೆಯ ಅರ್ಜಿ ಉಸಿರಾಡುತ್ತಿದ್ದರೆ ಮಾತ್ರ ವೀಸಾ ಮುಂದುವರಿಯುತ್ತದೆ. ಆದ್ದರಿಂದ ನಾನು ಎಮರಿವಿಲ್‌ಗೆ ಹೋದರೆ ಅಲ್ಲಿಂದ ಮುಂದಿನ ನಿಲ್ದಾಣ ಕೆಂಪೇಗೌಡ ವಿಮಾನ ನಿಲ್ದಾಣ.

೩. ಇದನ್ನು ಮೀಟಿಂಗಿನಲ್ಲಿ ವಿವರಿಸಿದಾಗ ತಾವು ಹಾಸನದ ಕನ್ನಡಕ್ಕೆ ಕ್ಯಾಲಿಫೋರ್ನಿಯಾದ ಒಗ್ಗರಣೆ ಹಾಕಿ ಹೀಗೆಂದಿರಿ: "ಲೋ ಶೇಷು, ಫಾರ್ಟಿ ಮೈಲ್ಸ್ ಕಣಯ್ಯಾ, ಫಾರ್ಟಿ! ಬೇ ವ್ಯೂ ಐತೆ, ಎಂಜಾಯ್ ಮಾಡು. ಆಗಲ್ವಾ? ಬಿಡು, ನಿನ್ ಸೀಟ್ಗೆ ಇಲ್ಲೇ ಹತ್ತು ಜನ ಕಾಯ್ತಾವ್ರೆ." ಪಕ್ಕದ ಮೇಜಿನವರ ಕೋರಿಕೆಯ ಮೇರೆಗೆ ಈ ಮಾತನ್ನು ತಮ್ಮದೇ ದನಿಯಲ್ಲಿ, ಹುಬ್ಬು ಸಮೇತ, ಇದುವರೆಗೆ ನಾಲ್ಕು ಸಲ ಮಾಡಿ ತೋರಿಸಿದ್ದೇನೆ.

೪. ಕಚೇರಿ ಸ್ಥಳಾಂತರದ ಕಾರಣ "ಇನ್ನೊವೇಶನ್" ಎಂದು ಇಮೇಲಿನಲ್ಲಿದೆ. ತಮ್ಮ ಹೊಸ ಅಪಾರ್ಟ್‌ಮೆಂಟು ಅದೇ ರಸ್ತೆಯಲ್ಲಿರುವುದು, ತಮ್ಮ ನಾಯಿಯ ಡೇಕೇರ್ ಅದರ ಎದುರಿಗಿರುವುದು ಕಾಕತಾಳೀಯ.

೫. ಸಾಮಾನುಗಳಿಗೆ ಸ್ಟಿಕ್ಕರ್ ಅಂಟಿಸಲಾಗಿದೆ: ಎಮರಿವಿಲ್‌ಗೆ ಹೋಗುವುದಕ್ಕೆ ಕಿತ್ತಳೆ, ಕಸಕ್ಕೆ ಹಸಿರು. ನನ್ನ ಕುರ್ಚಿಗೆ ಹಸಿರು ಬಿದ್ದಿದೆ. ಐದು ವರ್ಷದಿಂದ ನಾನು ಕಾಯುತ್ತಿರುವ ಬಣ್ಣ ಅದಕ್ಕೆ ಒಂದೇ ಮಧ್ಯಾಹ್ನದಲ್ಲಿ ಮಂಜೂರಾಯಿತು. ಸರ್ವರ್ ಕೋಣೆಗೆ ಮಾತ್ರ ಯಾವ ಸ್ಟಿಕ್ಕರೂ ಇಲ್ಲ. ಯಂತ್ರಗಳು ನಾಜೂಕು, ಅಲುಗಾಡಿಸಿದರೆ ಕೆಡುತ್ತವೆ, ಕಾರಣ ಅವು ಮಿಲ್ಪಿಟಾಸ್‌ನಲ್ಲೇ ಉಳಿಯುತ್ತವೆ ಎಂದು ತಿಳಿದುಬಂದಿದೆ. ಇದನ್ನು ಕೇಳಿದ ನನ್ನ ಎಂಟು ವರ್ಷದ ಮಗಳು ಲಾಸ್ಯಾ ಸೀರಿಯಲ್ ತಿನ್ನುವುದನ್ನು ನಿಲ್ಲಿಸಿ, "ಅಪ್ಪಾ, ಸೋ ದ ಕಂಪ್ಯೂಟರ್ಸ್ ಗೆಟ್ ಟು ಸ್ಟೇ?" ಎಂದಳು. ಉತ್ತರಿಸುವ ಅಧಿಕಾರ ನನಗಿಲ್ಲವಾದ ಕಾರಣ ಪ್ರಶ್ನೆಯನ್ನು ತಮ್ಮ ಪರಿಶೀಲನೆಗೆ ರವಾನಿಸಿದ್ದೇನೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳ ಕಾರಣ, ಸರ್ವರ್ ಕೋಣೆಯ ಬಾಗಿಲ ಬಳಿ ನನಗೊಂದು ಮೇಜು, ಒಂದು ಕುರ್ಚಿ (ಹಸಿರು ಸ್ಟಿಕ್ಕರಿನದೇ ಆದೀತು) ಉಳಿಸಿಕೊಡಬೇಕು.

ಅದು ಸಾಧ್ಯವಾಗದಿದ್ದರೆ, ಕಾಯುತ್ತಿರುವ ಆ ಹತ್ತು ಜನರ ಹೆಸರು, ವಿಳಾಸಗಳನ್ನು ಲಿಖಿತವಾಗಿ ದಯಪಾಲಿಸಬೇಕು. ಒಬ್ಬರೂ ಇಲ್ಲವೆಂದು ತಾವು ಪ್ರಮಾಣ ಮಾಡಿರುವುದರಿಂದ ಸರ್ಕಾರಕ್ಕೆ ಅವರ ಪರಿಚಯವೇ ಇಲ್ಲ, ಪಾಪ, ಮಾಡಿಸಬೇಕು. ಪಟ್ಟಿ ತಲುಪಿದರೆ ನನ್ನ ಅರ್ಜಿ ಸಾಯುತ್ತದೆಂದು ನನಗೆ ಗೊತ್ತು. ಹೇಗೂ ಸಾಯುವುದಾದರೆ ಅದೊಂದೇ ಸಾಯುವುದು ಬೇಡ. ನಾವೆಲ್ಲ ಒನ್ ಫ್ಯಾಮಿಲಿ.

ಒಂದನೇ ತಾರೀಖಿನವರೆಗೆ ಮಾತ್ರ ತಮ್ಮ ವಿಶ್ವಾಸಿ,
ಶೇಷಗಿರಿ

ಅಡಕಗಳು:
೧. ತಮ್ಮ ಪ್ರಮಾಣಪತ್ರದ ಪ್ರತಿ, ಲ್ಯಾಮಿನೇಟ್ ಮಾಡಿದ್ದು.
೨. ಪ್ಯಾಂಟ್ರಿಯ ನೋಟೀಸು, ಬಿಸಿಬೇಳೆಬಾತಿನ ಕಲೆ ಸಮೇತ.
೩. ಒಂದರಿಂದ ಹತ್ತರವರೆಗೆ ಕ್ರಮಸಂಖ್ಯೆ ಹಾಕಿದ ಖಾಲಿ ಹಾಳೆ ಒಂದು. ಕುರ್ಚಿ ಕೊಡುವುದಾದರೆ ಇದನ್ನು ಖಾಲಿಯಾಗಿಯೇ ಹಿಂದಿರುಗಿಸಬೇಕಾಗಿ ವಿನಂತಿ.